ಕೊನೇ ರೌಂಡಿನ ಕಾಕ

ಅವರ ಬಲಗಣ್ಣು ಎಡಗಣ್ಣಿಗಿಂತ ಸಣ್ಣದು. ಎದುರಿಗೆ ಯಾರಾದರೂ ಮಾತಾಡುತ್ತಿದ್ದರೆ ಆ ಕಣ್ಣು ಇನ್ನಷ್ಟು ಕಿರಿದಾಗುತ್ತ ಹೋಗಿ, ಕೊನೆಗೆ ಒಂದು ಗೆರೆಯಷ್ಟೇ ಉಳಿಯುತ್ತಿತ್ತು. ನಿಜ ಹೇಳುತ್ತಿದ್ದವನಿಗೂ ತಾನು ಸುಳ್ಳು ಹೇಳುತ್ತಿದ್ದೇನೋ ಎಂದು ಅನುಮಾನ ಬರಬೇಕು, ಹಾಗಿತ್ತು ಆ ನೋಟ. ಹೊರಗೆ ಬಿಸಿಲು ಜೋರಾಗಿದೆ ಎಂದರೂ ಒಮ್ಮೆ ಬಾಗಿಲ ತನಕ ಹೋಗಿ ನೋಡಿ ಬರುವ ಜನ. ದೋಹಾದಲ್ಲಿ ಬಿಸಿಲಿನ ವಿಷಯಕ್ಕೆ ಸುಳ್ಳು ಹೇಳಿ ಯಾರಿಗೆ ಏನು ಲಾಭವೋ ನನಗಂತೂ ತಿಳಿಯದು.

ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ಉಳ್ಳಾಲದ ಕಡೆಯ ಬ್ಯಾರಿ. ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ಕಿಟಕಿ ಪರದೆ ಹೊಲಿಸಿ ಕೊಡುವ ಅಂಗಡಿ. ಅದು ಹೊಟ್ಟೆಪಾಡು, ಜೀವ ಇದ್ದದ್ದು ಫುಟ್‌ಬಾಲಿನಲ್ಲಿ. ದಕ್ಷಿಣ ಕನ್ನಡ, ಉಡುಪಿಯ ನಮ್ಮಂಥವರು ಸೇರಿ ಚಳಿಗಾಲದಲ್ಲಿ ನಡೆಸುವ ಲೀಗಿನಲ್ಲಿ ಒಂದು ಟೀಮಿನ ಮ್ಯಾನೇಜರ್ ಅವರು. ನಾನು ಕಾರ್ಕಳದವನು, ಮುಶೈರಿಬ್‌ನ ಒಂದು ಆಫೀಸಿನಲ್ಲಿ ಕೆಲಸ. ಟೀಮಿನ ಮಟ್ಟಿಗೆ ನಾನು ಕಾಕನ ಡ್ರೈವರ್, ಮತ್ತು ಅವರ ಬಲಗೈ ಎಂದು ನನಗೆ ನಾನೇ ತಿಳಿದುಕೊಂಡಿದ್ದವನು.

ನಮ್ಮ ಲೀಗಿನಲ್ಲಿ ಹರಾಜು ಇಲ್ಲ, ಡ್ರಾಫ್ಟ್. ಆಡಲು ಇಷ್ಟವಿರುವವರೆಲ್ಲ ಹೆಸರು ಕೊಡುತ್ತಾರೆ. ಮ್ಯಾನೇಜರುಗಳು ಒಂದು ಕಡೆ ಕೂತು ಪ್ರತಿ ರೌಂಡಿಗೂ ಚೀಟಿ ಎತ್ತಿ, ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಾರೆ. ಒಬ್ಬರು ಕರೆದ ಹೆಸರು ಇನ್ನೊಬ್ಬರಿಗಿಲ್ಲ. ಮೊದಲ ರೌಂಡುಗಳಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ, ಚೆನ್ನಾಗಿ ಆಡುವವರು ಯಾರೆಂದು ಎಲ್ಲರಿಗೂ ಗೊತ್ತು. ಜಗಳ ಏನಿದ್ದರೂ ಕೊನೆಯ ಎರಡು ರೌಂಡುಗಳದ್ದು. ಆಗ ಉಳಿದಿರುವವರು ಹೊಸಬರು, ಹೊಟ್ಟೆ ಬಂದವರು, ಶಿಫ್ಟಿನ ಕೆಲಸದವರು. ಡ್ರಾಫ್ಟ್ ಮುಗಿದು ವಾರ ಕಳೆದರೂ ನಮ್ಮ ಟೀಮಿನ ಅಭಿಮಾನಿಗಳು ಕೆಫೆಟೇರಿಯಾದ ಎದುರು ಕಾರು ನಿಲ್ಲಿಸಿ, ಕರಕ್ ಚಾ ಕುಡಿಯುತ್ತ, ಕಾಕ ಕೊನೆಗೆ ಆರಿಸಿದ ಇಬ್ಬರ ಜನ್ಮ ಜಾಲಾಡುತ್ತಿದ್ದರು.

ಎಲ್ಲರಿಗಿಂತ ದೊಡ್ಡ ಗಂಟಲು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದ ಮಂಗಳೂರಿನವನದು. "ನಮಗೆ ಬೇಕಾದ್ದು ಸ್ಟ್ರೈಕರ್. ಕಾಕ ತಂದದ್ದು ಯಾರನ್ನು? ತಟ್ಟೆ ತೊಳೆಯುವವನನ್ನು," ಎನ್ನುತ್ತಿದ್ದ. "ಇದರಲ್ಲಿ ಎಂತದೋ ಉಂಟು. ಸುಮ್ಮನೆ ಅಲ್ಲ ಇದು."

ತಟ್ಟೆಯ ಮಾತಿಗೆ ಕಾರಣವಿತ್ತು. ಕಾಕನಿಗೆ ಯಾರ ಶಿಫಾರಸಿನಲ್ಲೂ ನಂಬಿಕೆ ಇಲ್ಲ. ಯಾರಾದರೂ ಫೋನಿನಲ್ಲಿ ಗೋಲು ಹೊಡೆದ ವೀಡಿಯೊ ತೋರಿಸಿದರೆ, "ತಪ್ಪಿಸಿದ್ದು ಎಲ್ಲಿ ಉಂಟು? ಅದನ್ನು ತೋರಿಸು," ಎನ್ನುವರು. ಅವರ ಪರೀಕ್ಷೆಯೇ ಬೇರೆ. ಶುಕ್ರವಾರ ಜುಮ್ಮಾ ಮುಗಿಸಿ, ಹೇಳದೆ ಕೇಳದೆ, ಆ ಆಟಗಾರನ ರೂಮಿಗೆ ಹೋಗುವುದು. ಅವನು ಎದ್ದಿದ್ದಾನೋ, ತಿಂದ ತಟ್ಟೆ ತೊಳೆದಿದ್ದಾನೋ, ಜೊತೆಯವರು ಅವನ ಬಗ್ಗೆ ಏನೆನ್ನುತ್ತಾರೋ ನೋಡುವುದು. "ತಟ್ಟೆ ತೊಳಿಲಿಕ್ಕೆ ಇನ್ನೊಬ್ಬನನ್ನು ಕಾಯುವವ ಬಾಲಿಗೂ ಕಾಯ್ತಾನೆ, ಓಡುದಿಲ್ಲ," ಎಂಬುದು ಅವರ ಸಿದ್ಧಾಂತ. ನಗಬಹುದು. ಆದರೆ ಹೀಗೆ ಹೆಕ್ಕಿ ತಂದ ಒಂದಿಬ್ಬರು ಲೀಗಿನಲ್ಲಿ ಹೆಸರು ಮಾಡಿದ ಮೇಲೆ ಉಳಿದ ಮ್ಯಾನೇಜರುಗಳ ಕಣ್ಣು ಕಾಕನ ಮೇಲೆ ಬಿದ್ದಿತ್ತು.

ಹಾಗಾಗಿ ಹೆಸರುಗಳು ಗುಟ್ಟಾಗಿರಬೇಕಿತ್ತು. ಯಾರ ರೂಮಿಗೆ ಹೋದೆವೆಂದು ಕಾಕನಿಗೆ ಗೊತ್ತು, ಕಾರು ಬಿಡುವ ನನಗೆ ಗೊತ್ತು, ಟೀಮಿನಲ್ಲಿ ಮೂರನೆಯವರಿಗೆ ಗೊತ್ತಿಲ್ಲ. ಹಾಗಿದ್ದೂ ಆ ವರ್ಷ ಕೊನೆಯ ಹಿಂದಿನ ರೌಂಡಿನಲ್ಲಿ, ನಮ್ಮ ಸರದಿಗೆ ತುಸು ಮೊದಲು, ನಮ್ಮೊಂದಿಗೆ ಸದಾ ಜಿದ್ದಿನಲ್ಲಿದ್ದ ಎದುರು ಟೀಮಿನ ಮ್ಯಾನೇಜರ್ ಎದ್ದು ನಿಂತು ನಾವು ನೋಡಿಟ್ಟಿದ್ದ ಡಿಫೆಂಡರನ ಹೆಸರು ಕರೆದ. ಇರಲಿ, ಎಲ್ಲೋ ಒಮ್ಮೆ ಹೀಗಾಗುತ್ತದೆ ಎಂದುಕೊಂಡೆ. ಕೊನೆಯ ರೌಂಡಿನಲ್ಲಿ ನಮ್ಮ ಎರಡನೆಯವನನ್ನೂ ಅವನೇ ಎತ್ತಿಕೊಂಡ. ಕಾಕ ನಿಧಾನವಾಗಿ ನನ್ನ ಕಡೆ ತಿರುಗಿದರು. ಬಲಗಣ್ಣು ಗೆರೆಯಾಗಿತ್ತು.

ಅವತ್ತು ಅವರು ನನ್ನ ಕಾರು ಹತ್ತಲಿಲ್ಲ. "ನೀನು ಹೋಗು, ನಂಗೆ ಬೇರೆ ಕೆಲಸ ಉಂಟು," ಎಂದು ಟ್ಯಾಕ್ಸಿ ಹಿಡಿದರು. ಮರುದಿನದಿಂದ ನನ್ನ ಫೋನ್ ಎತ್ತಲಿಲ್ಲ. ಅಂಗಡಿಗೆ ಹೋದರೆ ಬಟ್ಟೆ ಅಳೆಯುತ್ತ, ಗಿರಾಕಿಗೆ ಕೇಳುವ ಹಾಗೆ "ಚಾ ಕುಡಿತೀಯಾ?" ಎಂದು ಕೇಳಿದರು. ದೋಹಾದಲ್ಲಿ ನನಗೆ ಹಿರಿಯರೆಂದು ಇದ್ದದ್ದು ಅವರೊಬ್ಬರೇ. ಬಂದ ಹೊಸದರಲ್ಲಿ ಜ್ವರ ಹಿಡಿದು ಮಲಗಿದ್ದಾಗ ಮನೆಯಿಂದ ಗಂಜಿ ತಂದು ಕುಡಿಸಿದವರು. ಅಂಥವರ ಕಣ್ಣಿನಲ್ಲಿ ನಾನು ದ್ರೋಹಿಯಾದೆನಲ್ಲ ಎಂದು ಊಟ ಸೇರುತ್ತಿರಲಿಲ್ಲ.

ಅನುಮಾನ ಅಂಟುರೋಗ. ನನಗೂ ಹಿಡಿಯಿತು. ಆಪರೇಟರ್ ನಕ್ಕರೆ ಅದರಲ್ಲಿ ಏನೋ ಇದೆ ಎನಿಸುತ್ತಿತ್ತು, ನಗದಿದ್ದರೆ ಇನ್ನೂ ಹೆಚ್ಚು. ನಾನು ನಿದ್ದೆಯಲ್ಲಿ ಬಡಬಡಿಸಿದ್ದನ್ನು ನನ್ನ ರೂಮಿನವನು ಕೇಳಿ ಮಾರಿಕೊಂಡನೋ ಎಂದು ಅವನ ಹೊಸ ಶೂ ನೋಡಿ ಯೋಚಿಸಿದ್ದೂ ಉಂಟು.

ಹೀಗಿರುವಾಗ ಒಂದು ದಿನ ಆಫೀಸಿನ ಗೆಳೆಯನನ್ನು ನೋಡಲು ಅವನಿದ್ದ ವಿಲ್ಲಾಕ್ಕೆ ಹೋದೆ. ದೋಹಾದ ಹಳೆಯ ವಿಲ್ಲಾಗಳಲ್ಲಿ ರೂಮು ರೂಮಿಗೂ ಬ್ಯಾಚುಲರುಗಳು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ನಮ್ಮ ಕೈತಪ್ಪಿದ ಡಿಫೆಂಡರ್ ಇದ್ದದ್ದೂ ಅದೇ ವಿಲ್ಲಾದಲ್ಲಿ. ಗೆಳೆಯ ಕೇಳಿದ, "ಕೋರಿ ಸುಕ್ಕ ಎಲ್ಲ ಕೊಟ್ಟು ಹೋಗಿ, ಮತ್ತೆ ಅವನನ್ನು ಎಂತಕ್ಕೆ ಬಿಟ್ಟದ್ದು ನೀವು?"

"ಸುಕ್ಕದ ವಿಷಯ ನಿಂಗೆ ಹೇಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಹೇಳು. ಅವ ಅದನ್ನು ಬಿಸಿ ಮಾಡುವಾಗ ಇಡೀ ವಿಲ್ಲಾಕ್ಕೆ ಪರಿಮಳ. ಕಾಕನ ಮನೆಯ ಸುಕ್ಕ ಯಾವ ರೂಮಿಗೆ ಬಂತೋ, ಆ ರೂಮಿನವ ನಿಮ್ಮ ಟೀಮಿಗೆ. ಆಚೆ ಟೀಮಿನ ಮ್ಯಾನೇಜರ್ ಡ್ರಾಫ್ಟಿನ ಮೊದಲು ಎಲ್ಲ ವಿಲ್ಲಾಕ್ಕೂ ಫೋನ್ ಮಾಡಿ ಅದನ್ನೇ ಕೇಳುದು."

ನಾನು ಹಣೆ ಚಚ್ಚಿಕೊಂಡೆ. ಒಬ್ಬರ ಮನೆಗೆ ಮೊದಲ ಸಲ ಹೋಗುವಾಗ ಕೈ ಬೀಸಿಕೊಂಡು ಹೋಗುವುದು ಕಾಕನಿಂದ ಆಗದ ಕೆಲಸ. ಪತ್ತೇದಾರಿಗೆ ಹೋಗುವಾಗಲೂ ಹೆಂಡತಿ ಮಾಡಿದ ಕೋಳಿ ಸುಕ್ಕವನ್ನು ಕ್ಯಾರಿಯರಿಗೆ ತುಂಬಿಸಿಕೊಂಡೇ ಹೋಗುವರು. ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಇಡುತ್ತಿದ್ದವನು ನಾನೇ. ಲೋಕವನ್ನೆಲ್ಲ ಸಂಶಯದಿಂದ ನೋಡುವ ಮನುಷ್ಯ ಆ ಕ್ಯಾರಿಯರನ್ನು ಒಮ್ಮೆಯೂ ಸಂಶಯಪಟ್ಟಿರಲಿಲ್ಲ.

ಓಡಿ ಹೋಗಿ ಅಂಗಡಿಯಲ್ಲಿ ಎಲ್ಲ ಹೇಳಿದೆ. ಕಾಕ ಪೂರ್ತಿ ಕೇಳಿದರು. "ನಿಂಗೆ ಯಾರು ಹೇಳಿದ್ದು?"

"ಆಫೀಸಿನ ಗೆಳೆಯ."

"ಅವನಿಗೆ ಯಾರು ಹೇಳಿದ್ದು?"

"ಅವನ ಮೂಗು, ಕಾಕ."

ಅವರು ನಗಲಿಲ್ಲ. "ನೋಡುವ," ಎಂದರು, ಅಷ್ಟೆ.

ನೋಡಿಯೂ ನೋಡಿದರು. ಮುಂದಿನ ವರ್ಷ ನನ್ನನ್ನು ಬಿಟ್ಟು ಒಬ್ಬರೇ ಟ್ಯಾಕ್ಸಿಯಲ್ಲಿ ಓಡಾಡಿದರು. ಯಾರ ರೂಮಿಗೆಂದು ನನಗೆ ತಿಳಿಸಲಿಲ್ಲ. ಆಮೇಲೆ ಗೊತ್ತಾಯಿತು, ಹೆಸರು ಕೊಟ್ಟವರ ಪೈಕಿ ಆಟವೇ ಬಾರದಂಥ ಇಬ್ಬರನ್ನು ಹುಡುಕಿ ಅವರಿಗೆ ಸುಕ್ಕ ಕೊಟ್ಟು ಬಂದಿದ್ದರು. ಆ ಹೆಸರುಗಳನ್ನು ಎದುರಿನವನು ಕರೆದರೆ ತಪ್ಪು ನನ್ನದಲ್ಲ, ಸುಕ್ಕದ್ದು.

ಡ್ರಾಫ್ಟಿನ ದಿನ ಕೊನೆಯ ಹಿಂದಿನ ರೌಂಡಿನಲ್ಲಿ ಆ ಮ್ಯಾನೇಜರ್ ಗತ್ತಿನಿಂದ ಎದ್ದು ಒಂದು ಹೆಸರು ಕರೆದ. ಆ ಹೆಸರಿನವನೋ, ಮೈದಾನಕ್ಕೆ ಒಂದು ಸುತ್ತು ಬಂದರೆ ಕುರ್ಚಿ ಕೇಳುವ ಮನುಷ್ಯ. ಮೇಜಿನ ಕೆಳಗೆ ಕಾಕನ ಕೈ ನನ್ನ ಮೊಣಕಾಲ ಮೇಲೆ ಬಂದು ಕೂತಿತು. ನನ್ನ ಕಣ್ಣು ತುಂಬಿ ಬಂತು.

ಕೊನೆಯ ರೌಂಡಿನ ಚೀಟಿಯಲ್ಲಿ ನಮ್ಮ ಸರದಿ ಮೊದಲು ಬಂತು. ಅದೃಷ್ಟಕ್ಕೆ ಒಬ್ಬ ಒಳ್ಳೆಯ ಸ್ಟ್ರೈಕರ್ ಇನ್ನೂ ಉಳಿದಿದ್ದ. ಆಪರೇಟರ್ ಹಿಂದಿನಿಂದ ಅವನ ಹೆಸರು ಪಿಸುಗುಡುತ್ತಲೇ ಇದ್ದ. ಕಾಕ ಎದ್ದು ತಾವು ಸುಕ್ಕ ಕೊಟ್ಟಿದ್ದ ಎರಡನೆಯವನನ್ನು ಕರೆದರು.

"ಖಲಾಸ್," ಎಂದ ಆಪರೇಟರ್. "ಇದು ಟೀಮನ್ನು ಮಾರಿದ ಕೇಸು. ಬರೆದು ಕೊಡ್ತೇನೆ ಬೇಕಾದ್ರೆ."

ಅವತ್ತು ಕಾಕ ನನ್ನ ಕಾರಿನಲ್ಲಿ, ನನ್ನ ಪಕ್ಕದಲ್ಲಿ ಕೂತರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಹೋದದ್ದು ಮೋಸಕ್ಕೇ ಅಂತ. ಆದ್ರೆ ಅವ ತಟ್ಟೆ ಹಾಕಿ ನನ್ನನ್ನೂ ಕೂರಿಸಿದ. ಒಟ್ಟಿಗೆ ಕೂತು ಉಂಡೆವು. ಪಾಪ, ನನ್ನನ್ನು ನಂಬಿ ಬೂಟು ತಗೊಂಡಿದ್ದಾನೆ ಮಾರಾಯ. ಇನ್ನು ಬಿಡುದು ಹೇಗೆ?"

"ಇನ್ನು ಮುಂದೆ ಸುಕ್ಕ ಬೇಡ ಕಾಕ."

"ಮತ್ತೆ ಖಾಲಿ ಕೈಯಲ್ಲಿ ಹೋಗ್ಲಿಕ್ಕಾ?" ಎಂದು ನನ್ನನ್ನೇ ಗದರಿಸಿದರು.

ಆ ವರ್ಷ ನಾವು ಚೆನ್ನಾಗಿಯೇ ಸೋತೆವು. ನನ್ನ ಮೇಲೆ ಪಟ್ಟ ಸಂಶಯದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ವರ್ಷ ಅವರಿಗೆ ಹೃದಯದ ತೊಂದರೆಯಾಗಿ ಆಸ್ಪತ್ರೆ ಸೇರಿದರು. ನೋಡಲು ಹೋದ ದಿನ ಮಂಚದ ಸುತ್ತ ನೆಂಟರಿದ್ದರು. ಕಾಕ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಸರಿಯಾಗಿ ಹಾಕಿದೆಯೋ ಎಂದು ನನ್ನಿಂದ ನೋಡಿಸಿ, ಹತ್ತಿರ ಕರೆದು ಎರಡು ಹೆಸರು ಹೇಳಿದರು. "ನಿನ್ನ ಹತ್ರ ಇರ್ಲಿ. ಬೇರೆ ಯಾರಿಗೂ ಹೇಳ್ಲಿಲ್ಲ ನಾನು." ಆ ಮಾತು ಕೇಳಿದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಷ್ಟು ವರ್ಷ ಅದು ಅಲ್ಲೇ ಇತ್ತು ಎಂದು ಗೊತ್ತಾದದ್ದೂ ಆಗಲೇ.

ಡ್ರಾಫ್ಟಿಗೆ ಮೊದಲೇ ಅವರು ತೀರಿಕೊಂಡರು. ದೋಹಾದಲ್ಲೇ ದಫನ ಮಾಡಿದರು. ಕಬರಸ್ತಾನದ ಗೇಟಿನ ಹೊರಗೆ ನಿಂತಿದ್ದಾಗ ಎದುರು ಟೀಮಿನ ಮ್ಯಾನೇಜರ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ನಿಜವಾಗಿ ಒದ್ದೆಯಾಗಿತ್ತು. "ಕೊನೆಗೆ ಕಾಕ ನಿನ್ನ ಹತ್ರ ಏನಾದ್ರೂ ಹೇಳಿದ್ರಾ?" ಎಂದು ಮೆಲ್ಲಗೆ ಕೇಳಿದ. ಪ್ರೀತಿಯಿಂದಲೇ ಕೇಳಿರಬಹುದು. ನಾನು ಅವನ ಮುಖ ನೋಡಿದೆ. "ಇಲ್ಲ, ಎಂತ ಹೇಳ್ಲಿಲ್ಲ," ಎಂದೆ.

ಡ್ರಾಫ್ಟಿನಲ್ಲಿ ಆ ಇಬ್ಬರೂ ಕೊನೆಯ ತನಕ ಉಳಿದಿದ್ದರು, ಕಾಕನ ಜಾಗದಲ್ಲಿ ಕೂತಿದ್ದ ನಾನೇ ಎದ್ದು ಕರೆದೆ. ಒಬ್ಬ ಪರವಾಗಿಲ್ಲ. ಇನ್ನೊಬ್ಬನ ಕಾಲಿಗೆ ಬಾಲು ಸಿಕ್ಕಿದರೆ ನಮ್ಮ ಗೋಲ್‌ಕೀಪರನೇ ಹೆದರುತ್ತಾನೆ. ಇವನನ್ನು ಎಂತ ನೋಡಿ ತಗೊಂಡದ್ದು ಎಂದು ಆಪರೇಟರ್ ಇವತ್ತಿಗೂ ಟೀಮಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಕೇಳುತ್ತಿರುತ್ತಾನೆ. ನನಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಕಾಕ ಆ ಹೆಸರು ಹೇಳಿದರು, ನಾನು ಯಾಕೆಂದು ಕೇಳಲಿಲ್ಲ.