ಇನ್ವರ್ಟರಿಗೆ ತುಂಬಿದ ಉಡಿ

ನನ್ನ ಅಂಗಡಿಗೆ ನಾಲ್ಕು ಗಾಲಿ. ತೀರಿಕೊಂಡ ಗಂಡ ಓಡಿಸುತ್ತಿದ್ದ ಹಳೆಯ ವ್ಯಾನಿನ ಹಿಂದಿನ ಸೀಟು ಕಿತ್ತು ಹೊಲಿಗೆ ಮಶೀನು ಕೂರಿಸಿಕೊಂಡಿದ್ದೇನೆ. ಒಂದು ದಿನ ಹಾರೂಗೇರಿ, ಒಂದು ದಿನ ರಾಯಬಾಗ, ಮತ್ತೊಂದು ದಿನ ಅಥಣಿ, ಹೀಗೆ ಸಂತೆಯಿಂದ ಸಂತೆಗೆ ತಿರುಗುತ್ತೇನೆ. ಹೆಂಗಸರು ಸೀರೆ ಕೊಟ್ಟು ಕಾಯಿಪಲ್ಯ ತರಲು ಹೋಗುತ್ತಾರೆ. ಅವರು ತಿರುಗಿ ಬರುವಷ್ಟರಲ್ಲಿ ಫಾಲ್ ಹಚ್ಚಿ, ಪೀಕೋ ಮುಗಿಸಿ, ಮಡಚಿ ಇಟ್ಟಿರುತ್ತೇನೆ.

ಕುಪ್ಪಸವನ್ನೂ ಹೊಲಿಯುತ್ತೇನೆ. ನಮ್ಮ ಕಡೆ ಮುತ್ತೈದೆಯರ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರಲ್ಲ, ಆ ಖಣಗಳೇ ಹೆಚ್ಚಾಗಿ ನನ್ನ ಕೈಗೆ ಬರುವುದು. ಗಂಡ ಹೋದ ಮೇಲೆ ನನ್ನ ಉಡಿಗೆ ಯಾರೂ ಒಂದು ಕಾಳು ಅಕ್ಕಿ ಹಾಕಿರಲಿಲ್ಲ. ಊರಿನವರ ಉಡಿಯೆಲ್ಲ ನನ್ನ ಸೂಜಿಯ ಕೆಳಗೆ ಹಾದುಹೋಗುತ್ತಿತ್ತು, ಅಷ್ಟೆ.

ಮೊದಮೊದಲು ಕಾಲಿನಿಂದ ಮಶೀನು ತುಳಿಯುತ್ತಿದ್ದೆ. ಮೊಣಕಾಲು ಬೇಡವೆಂದಿತು. ಮೋಟಾರು ಹಚ್ಚೋಣವೆಂದರೆ ಸಂತೆಯಲ್ಲಿ ಕರೆಂಟು ಯಾರು ಕೊಡುತ್ತಾರೆ? ಅದಕ್ಕೇ ಗಾಡಿಯ ಬ್ಯಾಟರಿಯಿಂದ ಮೋಟಾರು ಓಡಿಸುವ ಇನ್ವರ್ಟರ್ ತಂದೆ. ಮೈದುನ ಅಂಗಳದಲ್ಲೇ ನಿಂತು ಹೇಳಿಬಿಟ್ಟ: "ವೈನಿ, ಒಂದ್ ಸಲ ಏನರ ಸುಟ್ಟ್ರ ಗಾಡಿ ಮಾರೂದ ನೋಡ್ರಿ. ಆಮ್ಯಾಲ ಮನ್ಯಾಗ ಕುಂತು ಹೊಲೀರಿ." ಮನೆಯಲ್ಲಿ ಕೂತು ಹೊಲಿಯುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಒಲೆ ಕರೆದಾಗ ಏಳಬೇಕು, ದನ ಕರೆದಾಗ ಏಳಬೇಕು, ಬಂದ ಗಿರಾಕಿ ಬಾಗಿಲಲ್ಲಿ ನಿಂತು ಬೇಸತ್ತು ಹೋಗಬೇಕು.

ಇನ್ವರ್ಟರ್ ಕೂರಿಸಲು ಚಿಕ್ಕೋಡಿಯ ಗ್ಯಾರೇಜಿನ ಮಿಸ್ತ್ರಿಯನ್ನು ಮನೆಗೇ ಕರೆಸಿದೆ. ಅವನು ಗಾಡಿ ನೋಡಿದ್ದೇ ತಡ, ಮುಂದಿನ ಎಡಗಡೆ ಸೀಟು ಎತ್ತಿ ಬ್ಯಾಟರಿಯ ಪಕ್ಕಕ್ಕೆ ಅದನ್ನು ತುರುಕಿದ.

"ಬ್ಯಾಟರಿ ಬಾಜೂಕ ಇಟ್ರ ಕಾವು ಆಗೂದಿಲ್ಲೇನ್ರಿ? ಗಾಳಿ ಎಲ್ಲಿಂದ ಬರ್ತೈತಿ?" ಎಂದು ಕೇಳಿದೆ.

"ಎಲ್ಲಾರ ಗಾಡ್ಯಾಗೂ ಇಲ್ಲೇ ಕೂಡ್ರಸ್ತೀನ್ರಿ ಅಕ್ಕಾರ. ನೀವು ಹೊಲಗಿ ನೋಡ್ಕೋರಿ, ವಾಯರ್ ನಾ ನೋಡ್ಕೋತೀನಿ," ಎಂದು ನಕ್ಕ.

ಡಬ್ಬಿಯಲ್ಲಿ ಬಂದ ಹಾಳೆಯಲ್ಲಿ ಬ್ಯಾಟರಿಯ ಚಿತ್ರದ ಪಕ್ಕ ಇನ್ವರ್ಟರ್ ಬರೆದು ಅಡ್ಡಗೆರೆ ಹೊಡೆದಿದ್ದರು. ನೀರಿನ ಹನಿಗೂ ಅಡ್ಡಗೆರೆ ಇತ್ತು, ಮೇಲೆ ಬಟ್ಟೆ ಹೊದಿಸಿದ ಚಿತ್ರಕ್ಕೂ ಇತ್ತು. ಅದನ್ನೆಲ್ಲ ಕಣ್ಣಾರೆ ಕಂಡೂ ಅವನ ನಗೆಗೆ ಬಾಯಿ ಮುಚ್ಚಿಕೊಂಡದ್ದಕ್ಕೆ ಇಂದಿಗೂ ನನ್ನನ್ನು ನಾನೇ ಬಯ್ದುಕೊಳ್ಳುತ್ತೇನೆ.

ಅವನು ಹೋದ ಮೇಲೆ ಅತ್ತೆ ಹರಿವಾಣ ಹಿಡಿದು ಬಂದರು. ಮನೆಗೆ ಹೊಸದೇನೇ ಬರಲಿ, ಟ್ರ್ಯಾಕ್ಟರಿರಲಿ, ನೀರಿನ ಪಂಪಿರಲಿ, ಅದಕ್ಕೆ ಉಡಿ ತುಂಬದೆ ಬಿಡುವವರಲ್ಲ ಅವರು. ಇನ್ವರ್ಟರಿಗೆ ಕುಂಕುಮ ಹಚ್ಚಿ, ಚಿಂಚಲಿಯ ದೇವಿ ಮಾಯಕ್ಕನ ಭಂಡಾರವನ್ನು ಬೊಗಸೆ ತುಂಬ ಎರಚಿದರು. ಭಂಡಾರವೆಂದರೆ ಅರಿಶಿನದ ನುಣ್ಣನೆ ಪುಡಿ. ಮೇಲೆ ಜರಿಯಂಚಿನ ಹಸಿರು ಖಣ ಹೊದಿಸಿ ಸೀಟು ಮುಚ್ಚಿದರು. "ತಣ್ಣಗ ಇರು ನಮ್ಮವ್ವ," ಎಂದು ಕೈಮುಗಿದರು. ಬಟ್ಟೆ ಹೊದ್ದು ತಣ್ಣಗಿರುವುದು ಅದಕ್ಕೆ ಸಾಧ್ಯವೇ? ಆದರೂ ಆ ಖಣವನ್ನು ನಾನು ತೆಗೆಯಲಿಲ್ಲ.

ಮುಂದಿನ ಹಾರೂಗೇರಿ ಸಂತೆಯಲ್ಲಿ ಬಿಸಿಲು ನೆತ್ತಿಗೇರಿತ್ತು. ಮೋಟಾರು ಗಕ್ಕನೆ ನಿಂತಿತು. ಒಗ್ಗರಣೆಯಲ್ಲಿ ಅರಿಶಿನ ಸೀದಂಥ ವಾಸನೆ ಬಂತು. ಸೀಟಿನ ಕೆಳಗಿನಿಂದ ಹೊಗೆ! ಸ್ವಿಚ್ಚು ಆರಿಸಿ, ಸೀಟು ಎತ್ತಿ, ಖಣ ಎಳೆದೆ. ಅರ್ಧ ಕರಗಿ ಡಬ್ಬಿಗೆ ಅಂಟಿಕೊಂಡಿತ್ತು. ಒಳಗಿನ ಫ್ಯಾನಿನ ತುಂಬ ಭಂಡಾರ ಮೆತ್ತಿತ್ತು. ಪಕ್ಕದಲ್ಲೇ ಬ್ಯಾಟರಿ, ಹಿಂದೆ ಮಂದಿಯ ಸೀರೆಗಳ ರಾಶಿ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅವೂ ಹೊತ್ತಿಕೊಳ್ಳುತ್ತಿದ್ದವು.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಮೈದುನ ಕೈ ಚಾಚಿ ಬಾಗಿಲಲ್ಲಿ ನಿಂತಿದ್ದ. "ಕೀಲಿ ಕೊಡ್ರಿ ವೈನಿ."

"ಕೊಡೂದಿಲ್ಲ," ಎಂದೆ. "ಗಾಡೀದ ತಪ್ಪಲ್ಲ, ನಂದೂ ಅಲ್ಲ. ಜಾಗಾ ತಪ್ಪೈತಿ. ಈ ಸಲ ಜಾಗಾ ನಾ ನೋಡ್ತೀನಿ. ಮತ್ತ ಸುಟ್ಟ್ರ ಕೀಲಿ ನಾನs ತಂದು ಕೊಡ್ತೀನಿ." ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅದೇ ಮೊದಲು.

ಮರುದಿನ ವ್ಯಾನನ್ನು ಬಿಸಿಲಲ್ಲಿ ನಿಲ್ಲಿಸಿ, ಗಾಜು ಏರಿಸಿ, ಒಳಗೆ ಕೂತೆ. ಎಲ್ಲಿ ತಗಡು ಕಾಯುತ್ತದೋ ಅಲ್ಲಿ ಕೈಯಿಟ್ಟು ನೋಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದೆ. ಆಮೇಲೆ ಮೇಲೆ ಹತ್ತಿ ನಾಲ್ಕು ಕೊಡ ನೀರು ಸುರಿದೆ. ಹಿಂಬಾಗಿಲ ಮೂಲೆ ಸೋರಿತು, ಅಲ್ಲೂ ಗೆರೆ. ಗಿರಾಕಿಗಳ ಕಾಲು ತಾಗುವ ಕಡೆ ಗೆರೆ. ಸೀರೆಯ ಗಂಟು ಜಾರಿ ಬೀಳುವ ಕಡೆ ಗೆರೆ. ಮೈದುನ ಕಟ್ಟೆಯ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. ಕಿರಿಯಲಿ ಬಿಡು ಎಂದುಕೊಂಡೆ. ಕೊನೆಗೆ ಗೆರೆಯಿಲ್ಲದೆ ಉಳಿದದ್ದು ಒಂದೇ ಜಾಗ: ಡ್ರೈವರ್ ಸೀಟಿನ ಹಿಂದಿನ ಪಕ್ಕದ ಗೋಡೆ, ನೆಲದಿಂದ ಒಂದು ಗೇಣು ಮೇಲೆ.

ಮಿಸ್ತ್ರಿ ಬಂದ. "ಇಲ್ಲಿ ಪ್ಲೈ ಹಲಗಿ ಬಡೀರಿ, ಅದರ ಮ್ಯಾಲ ನಾಲ್ಕ್ ಬೋಲ್ಟ್ ಹಾಕಿ ಬಿಗೀರಿ. ಸುತ್ತ ನಾಲ್ಕ್ ಬೆರಳ ಗಾಳಿ ಬೇಕು. ದಪ್ಪನ್ ವಾಯರ್ ಎಳೀರಿ, ಬ್ಯಾಟರಿ ಕಡೆ ಫ್ಯೂಜ್ ಇರ್ಲಿ," ಎಂದೆ.

"ಯಾರ್ ಹೇಳಿದ್ರಿ ಅಕ್ಕಾರ ನಿಮಗ?"

"ಮದಲ ಹಾಳಿ ಹೇಳ್ತು, ಆಮ್ಯಾಲ ಹೊಗಿ ಹೇಳ್ತು. ನೀವು ಬಡೀರಿ."

ಅವನು ಗೊಣಗುತ್ತಲೇ ಇನ್ವರ್ಟರಿನ ಹಳೆಯ ಫ್ಯಾನು ಬದಲಿಸಿ, ಅದನ್ನು ನಾನು ತೋರಿಸಿದಲ್ಲೇ ಕೂರಿಸಿದ. ಮೋಟಾರು ಹಚ್ಚಿ ಬಹಳ ಹೊತ್ತು ಓಡಿಸಿದೆವು. ಡಬ್ಬಿಯ ಮೇಲೆ ಅಂಗೈ ಇಟ್ಟೆ. ತುಸು ಬೆಚ್ಚಗಿತ್ತು, ಅಷ್ಟೇ. ಮೈದುನ ಕಟ್ಟೆಯಿಂದ ಎದ್ದು ಒಳಗೆ ಹೋದ.

ಅಷ್ಟರಲ್ಲಿ ಅತ್ತೆ ಮತ್ತೆ ಹರಿವಾಣ ಹಿಡಿದು ಬಂದರು. ಅದೇ ಭಂಡಾರ, ಅಕ್ಕಿ, ಕಾಯಿ, ಹೊಸದೊಂದು ಕೆಂಪು ಖಣ. ನಾನು ಗಾಡಿಯ ಬಾಗಿಲಿಗೆ ಅಡ್ಡ ನಿಂತೆ.

"ಅತ್ತ್ಯಾರ, ಅದಕ್ಕ ಬ್ಯಾಡ್ರಿ. ಅದಕ್ಕ ಗಾಳಿ ಒಂದ್ ಇದ್ರ ಸಾಕು."

"ತುಂಬಿದ್ ಹರಿವಾಣ ಹೊಳ್ಳಿ ಒಳಗ ಒಯ್ಯಾಕ ಬರ್ತೈತೇನ? ಇದನ್ನ ಏನ್ ಮಾಡ್ಲಿ?"

ನಾನು ಸೆರಗು ಒಡ್ಡಿದೆ. "ನನಗ ತುಂಬ್ರಿ."

ಮಿಸ್ತ್ರಿ ಇಲ್ಲದ ಸ್ಕ್ರೂ ಹುಡುಕತೊಡಗಿದ. ಹಣೆ ತುಂಬ ಕುಂಕುಮವಿಟ್ಟ ಅತ್ತೆ ನನ್ನ ಬೋಳು ಹಣೆಯನ್ನೇ ನೋಡಿದರು. "ಮಂದಿ ಏನಂದಾರು ಯವ್ವಾ?"

"ತಗಡಿನ ಡಬ್ಬಿಗಿ ತುಂಬಿದಾಗ ಮಂದಿ ಏನೂ ಅನ್ನಲಿಲ್ಲಲ್ರಿ. ದುಡಿಯಾಕಿ ನಾನs ಅದೀನಿ."

ನಾನು ಸೆರಗು ಕೆಳಗಿಳಿಸಲಿಲ್ಲ. ಅವರು ಸುತ್ತಮುತ್ತ ಒಮ್ಮೆ ನೋಡಿ, ಐದು ಹಿಡಿ ಅಕ್ಕಿ ಹಾಕಿದರು. ಕಾಯಿ ಇಟ್ಟರು. ಅದರ ಮೇಲೆ ಖಣ ಇಟ್ಟರು. ಉಳಿದ ಭಂಡಾರವನ್ನು ನನ್ನ ಹಣೆಗೆ ಒತ್ತಿ ಹಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ಎಷ್ಟೋ ವರ್ಷಗಳ ಮೇಲೆ ನನ್ನ ಉಡಿ ಭಾರವಾಗಿತ್ತು.

ಮುಂದಿನ ಹಾರೂಗೇರಿ ಸಂತೆಗೆ ಆ ಖಣವನ್ನೇ ಕುಪ್ಪಸ ಹೊಲಿದು ತೊಟ್ಟುಕೊಂಡು ಹೋದೆ. ಇನ್ವರ್ಟರ್ ಹಲಗೆಯ ಮೇಲೆ ಬರಿಮೈಯಲ್ಲಿ ಗುಂಯ್‌ಗುಡುತ್ತಿತ್ತು. ಕುಪ್ಪಸದ ಬೆನ್ನು ಎಷ್ಟು ಆಳ ಇಡಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ.