ಕೂತು ನಡೆದ ಮೆರವಣಿಗೆ

ಮನುಷ್ಯನಿಗೆ ಕೈಬರಹ ಇರುವಂತೆ ಕಾಲ್ಬರಹವೂ ಒಂದಿರುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ನನ್ನದು ಬಸ್ಸು ತಪ್ಪಿಸಿಕೊಂಡವನ ನಡಿಗೆ. ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಹಿಡಿಯಬೇಕಾದ ಬಸ್ಸು ಒಂದೂ ಉಳಿದಿಲ್ಲ. ಆದರೂ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ನಾನು ಹೊರಟೆನೆಂದರೆ ಹೊಸಮನೆ ಬಡಾವಣೆಯ ಬೀದಿನಾಯಿಗಳು ಎದ್ದು ದಾರಿ ಬಿಡುತ್ತವೆ. ಸಪ್ತಪದಿಯೊಂದನ್ನು ಬಿಟ್ಟರೆ ನಾವಿಬ್ಬರೂ ಜೊತೆಯಲ್ಲಿ ಏಳು ಹೆಜ್ಜೆ ಹಾಕಿದ್ದೇ ಇಲ್ಲವೆಂದು ನನ್ನ ಹೆಂಡತಿ ಶಾರದೆ ಬಂದವರೆದುರೆಲ್ಲ ಹೇಳುತ್ತಿರುತ್ತಾಳೆ. ಅದು ದೂರೋ ಹೊಗಳಿಕೆಯೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಈ ವೇಗಖ್ಯಾತಿಯೇ ನನಗೊಂದು ಪದವಿಯನ್ನೂ ತಂದುಕೊಟ್ಟಿತು. ಹೊಳೆಗೆ ಚರಂಡಿ ನೀರು ಬಿಡುವುದನ್ನು ನಿಲ್ಲಿಸಿ ಎಂದು ಕೇಳಲು ನಮ್ಮ ಶಿವಮೊಗ್ಗದವರೂ ಭದ್ರಾವತಿಯವರೂ ಕೂಡಿ ಭಾರೀ ಮೆರವಣಿಗೆಯೊಂದನ್ನು ಹೊರಡಿಸುವುದೆಂದು ತೀರ್ಮಾನವಾಗಿತ್ತು. ತುಂಗೆಯ ಮಕ್ಕಳೂ ಭದ್ರೆಯ ಮಕ್ಕಳೂ ಹೊಳೆಗಳೆರಡೂ ಸೇರುವ ಕೂಡಲಿಯವರೆಗೆ ಕಾಯದೆ ಊರಲ್ಲೇ ಸಂಗಮವಾಗುವ ಅಪರೂಪದ ಸಂದರ್ಭ. ಸಮಿತಿಯ ಅಧ್ಯಕ್ಷರು ಅಡಿಕೆ ಮಂಡಿಯ ಮಂಜಪ್ಪನವರು. "ದಾರಿ ಉಸ್ತುವಾರಿ ನಮ್ಮ ಮೇಷ್ಟ್ರಿಗೇ ಇರ್ಲಿ. ಊರಲ್ಲಿ ಇವ್ರಷ್ಟು ನಡೆದೋರು ಯಾರಿದಾರೆ?" ಎಂದು ಅವರು ಘೋಷಿಸಿದಾಗ ನಾನು ವಿನಯದಿಂದ ತಲೆ ತಗ್ಗಿಸಿ ಒಳಗೊಳಗೇ ಉಬ್ಬಿದೆ. ಬಸ್ ಸ್ಟ್ಯಾಂಡಿನಿಂದ ನೆಹರು ರಸ್ತೆ, ಗೋಪಿ ಸರ್ಕಲ್ ದಾಟಿ ಮನವಿ ಕೊಡಬೇಕಾದ ಕಚೇರಿಗೆ ನಲವತ್ತು ನಿಮಿಷವೆಂದು ಲೆಕ್ಕ ಹಾಕಿದೆ. ಲೆಕ್ಕ ಬಿಗಿಯಾಗಿಯೇ ಇರಬೇಕಿತ್ತು, ಏಕೆಂದರೆ ಭದ್ರಾವತಿಯವರು ಬಂದು ಸೇರಿ ಹೊರಡುವಾಗಲೇ ಹನ್ನೊಂದಾಗುತ್ತಿತ್ತು, ಮನವಿ ಸ್ವೀಕರಿಸುವ ಅಧಿಕಾರಿಗಳು ಹನ್ನೆರಡಕ್ಕೆ ಬೇರೆ ಊರಿಗೆ ಹೊರಡುವವರಿದ್ದರು.

ಆ ವಾರವೇ ಒಂದು ಫೋನು ಬಂತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ನಾಗರತ್ನ ಎಂಬಾಕೆ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಓಡಾಡುವವಳು.

"ಸಾರ್, ನಾವು ಹನ್ನೊಂದು ಜನ ಬರ್ತೀವಿ. ಗಾಲಿಯವರು, ಊರುಗೋಲಿನವರು, ಕಣ್ಣು ಕಾಣದವರು, ಎಲ್ಲಾ ಇದೀವಿ. ನಾವೆಲ್ಲಿ ನಿಂತ್ಕೋಬೇಕು?"

ನನ್ನ ಹೃದಯ ತುಂಬಿ ಬಂತು. ಹೃದಯ ತುಂಬಿದಾಗ ಮಿದುಳು ಖಾಲಿಯಾಗುತ್ತದೆ ಎಂಬುದು ನನ್ನ ಎರಡನೆಯ ಸಂಶೋಧನೆ. "ನೀವು ಯಾಕಮ್ಮ ಅಷ್ಟು ದೂರ ಕಷ್ಟಪಡ್ತೀರಿ? ಸೀದಾ ಕಚೇರಿ ಮುಂದೆ ಬಂದ್ಬಿಡಿ, ನೆರಳಲ್ಲಿ ಕುರ್ಚಿ ಹಾಕಿಸ್ತೀನಿ" ಎಂದೆ.

"ಕುರ್ಚಿ ನಾವೇ ತರ್ತೀವಿ ಸಾರ್. ನಾವು ಬರ್ತಿರೋದು ಮೆರವಣಿಗೆಗೆ."

ಮರುದಿನ ಸಮಿತಿಯ ಸಭೆಗೆ ಅವಳೇ ಬಂದಳು. ನಿಧಾನದವರು ಸಾಲಿನ ಕೊನೆಯಲ್ಲಿದ್ದರೆ ಹಿಂದುಳಿದು ಕಳೆದುಹೋಗುತ್ತಾರೆ, ಆದ್ದರಿಂದ ಮೆರವಣಿಗೆಯ ಮುಂದೆಯೇ ಜಾಗ ಬೇಕು ಎಂಬುದು ಅವಳ ಬೇಡಿಕೆ. ಮಂಜಪ್ಪನವರು ಗಡಿಯಾರ ನೋಡಿಕೊಂಡರು.

"ಅಲ್ಲಮ್ಮ, ನೀವು ಮುಂದಿದ್ರೆ ಹಿಂದಿನ ಸಾವಿರಾರು ಜನ ನಿಧಾನ ಆಗ್ತಾರಲ್ಲ. ಸಾಹೇಬ್ರು ಹನ್ನೆರಡಕ್ಕೆ ಹೊರಟ್ಬಿಟ್ರೆ ಇಷ್ಟೆಲ್ಲಾ ಮಾಡಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ."

"ದಸರಾಕ್ಕೆ ಸಕ್ರೆಬೈಲು ಕ್ಯಾಂಪಿಂದ ಆನೆ ಬರ್ತಾವಲ್ಲ ಸಾರ್, ಆಗೇನ್ ಮಾಡ್ತೀರಿ? ವೈರು ಎತ್ತಿ ಕಟ್ತೀರಿ, ಪಟಾಕಿ ನಿಲ್ಲಿಸ್ತೀರಿ, ಅದು ನಡೆದಂಗೇ ನೀವೂ ನಡೀತೀರಿ. ಆನೆ ನಿಧಾನ ಅಂತ ಯಾರಾದ್ರೂ ಬೈದಿದ್ದು ಕೇಳಿದೀರಾ?"

"ಅಯ್ಯೋ ಮಾರಾಯ್ತಿ, ಅದು ಆನೆ!"

"ಹೌದು ಸಾರ್. ಅದಕ್ಕೆ ಓಟೂ ಇಲ್ಲ."

ಸಭೆ ಗೊಳ್ಳೆಂದಿತು. ಮಂಜಪ್ಪನವರೂ ನಕ್ಕರು, ಆದರೆ ಒಪ್ಪಲಿಲ್ಲ. ಮೇಷ್ಟ್ರು ದಾರಿ ನೋಡಿ ವರದಿ ಕೊಡಲಿ ಎಂದು ಚೆಂಡನ್ನು ನನ್ನತ್ತ ದಬ್ಬಿದರು. ದಿನಾ ಓಡಾಡುವ ದಾರಿಯಲ್ಲಿ ನೋಡುವುದೇನಿದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಾಗರತ್ನ ಮಧ್ಯೆ ಬಾಯಿ ಹಾಕಿದಳು. "ಕೂತ್ಕೊಂಡ್ ನೋಡಿ ಸಾರ್. ಗಾಲಿಕುರ್ಚಿ ನಾನು ತರ್ತೀನಿ."

ಭಾನುವಾರ ಬೆಳಿಗ್ಗೆ ಅವಳ ಗೆಳತಿಯ ಗಾಲಿಕುರ್ಚಿಯಲ್ಲಿ ಆಸೀನನಾದೆ. ಅವಳು ಸೈಕಲ್ ತಿರುಗಿಸುತ್ತ ಮುಂದೆ, ನಾನು ಗಾಲಿ ನೂಕುತ್ತ ಹಿಂದೆ. ಕುರ್ಚಿ ಸಿಕ್ಕವನಿಗೆ ಊರಿನ ಹಳ್ಳಕೊಳ್ಳ ಕಾಣುವುದಿಲ್ಲ ಎಂದು ದೊಡ್ಡವರನ್ನು ನಾವು ಆಡಿಕೊಳ್ಳುತ್ತೇವಲ್ಲ, ನನಗಾದರೋ ಕುರ್ಚಿ ಸಿಕ್ಕಿದ ಮೇಲೆಯೇ ಊರಿನ ಹಳ್ಳಗಳೆಲ್ಲ ದರ್ಶನ ಕೊಟ್ಟವು. ಮೂವತ್ತು ವರ್ಷ ಇಳಿಜಾರಿನ ಕೋನವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ ಮಹಾಶಯ ನಾನು. ಆ ಕೋನ ರಟ್ಟೆಗೆ ಹೇಗೆ ಗೊತ್ತಾಗುತ್ತದೆಂಬುದು ಅಂದು ತಿಳಿಯಿತು. ಒಂದಡಿ ಎತ್ತರ ಹತ್ತಲು ಹನ್ನೆರಡಡಿ ಉದ್ದದ ದಾರಿ ಬೇಕೆಂದು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು ನನಗೆ ಪಾಠ ಹೇಳಿದಳು. ರಸ್ತೆಯ ಉಬ್ಬೊಂದರ ಮುಂದೆ ಮೂರು ಸಲ ದಂಡೆತ್ತಿ ಹೋಗಿ ಮೂರು ಸಲವೂ ಸೋತು ಹಿಂದೆ ಬಂದೆ. ಆ ಹೊತ್ತಿಗೆ ಸರಿಯಾಗಿ, ಬಟ್ಟೆ ಅಂಗಡಿ ತೆರೆಯುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬ ಗಾಬರಿಯಿಂದ ಓಡಿಬಂದ. ನನ್ನನ್ನಲ್ಲ, ನಾಗರತ್ನಳನ್ನು ಕೇಳಿದ: "ಮೇಷ್ಟ್ರಿಗೆ ಮಾತು ಬರುತ್ತಾ? ಊಟ ಸೇರುತ್ತಾ?"

"ಮಾತು ಬರುತ್ತೆ ಕಣೋ!" ಎಂದು ನಾನು ಗುಡುಗಿದೆ. ಅವನು ಕಣ್ಣೊರೆಸಿಕೊಂಡು ಒಂದು ಚಿಪ್ಪು ಬಾಳೆಹಣ್ಣನ್ನು ನನ್ನ ತೊಡೆಯ ಮೇಲಿಟ್ಟು ಹೋದ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮೇಷ್ಟ್ರಿಗೆ ಲಕ್ವ ಹೊಡೆದಿದೆಯಂತೆ! ಕಿತ್ತಳೆ, ಎಳನೀರು ಹಿಡಿದ ಬಂಧುಬಳಗ ಸಂಜೆಯವರೆಗೂ ಬಂತು. ರಟ್ಟೆ ಸೋತು ನಾನು ನಿಜವಾಗಿಯೂ ಮಂಚ ಹಿಡಿದಿದ್ದರಿಂದ ಯಾರೂ ನನ್ನ ಮಾತು ನಂಬಲಿಲ್ಲ. ಶಾರದೆಯ ಚಿಕ್ಕಮ್ಮ ನನ್ನ ಕಿವಿಯ ಬಳಿ ಬಾಗಿ, "ಕೈ ಎತ್ತಕ್ಕಾಗುತ್ತೇನಪ್ಪಾ?" ಎಂದು ಕೂಗಿದರು. ಸತ್ಯವಾಗಿ ಹೇಳುತ್ತೇನೆ, ಆಗಲಿಲ್ಲ. ಶಾರದೆ ಅಡುಗೆಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡಿದ್ದನ್ನು ನೋಡಿದವರು ಅಳುತ್ತಿದ್ದಾಳೆಂದು ಸಮಾಧಾನ ಮಾಡಿದರು. ಅವಳಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು.

ಆ ರಾತ್ರಿ ಮಾತ್ರ ಒಂದು ಸಂಗತಿ ನನ್ನನ್ನು ಚುಚ್ಚಿತು. ನನ್ನ ಶಿಷ್ಯ ನನ್ನನ್ನು ಬಿಟ್ಟು ಬೇರೆಯವರನ್ನು ಕೇಳಿದ್ದು ಒಂದೇ ಒಂದು ಸಲ. ನಾಗರತ್ನ ಅದನ್ನು ನಲವತ್ತು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದಾಳೆ. ಅವಳನ್ನು ಕೇಳದೆ ಅವಳ ಪರವಾಗಿ ತೀರ್ಮಾನಿಸಿದವರಲ್ಲಿ, ನೆರಳು ಮತ್ತು ಕುರ್ಚಿಯ ಆಸೆ ತೋರಿಸಿದ ನಾನೂ ಒಬ್ಬ. ವರದಿಯನ್ನು ಎರಡೇ ಸಾಲಿನಲ್ಲಿ ಬರೆದೆ. ಹನ್ನೊಂದು ಜನ ಮುಂದಿರಲಿ. ಇಲ್ಲವಾದರೆ ಉಸ್ತುವಾರಿಗೆ ಬೇರೆಯವರನ್ನು ನೋಡಿಕೊಳ್ಳಿ. ಮಂಜಪ್ಪನವರು ಓದಿ, "ಆಯ್ತು ಮೇಷ್ಟ್ರೇ. ಸಾಹೇಬ್ರು ತಪ್ಪಿಸ್ಕೊಂಡ್ರೆ ಮಾತ್ರ ಜನಕ್ಕೆ ನೀವೇ ಉತ್ರ ಹೇಳ್ಬೇಕು" ಎಂದರು.

ಮೆರವಣಿಗೆಯ ದಿನ ಹೊಸ ದಾರಿ ಸಿದ್ಧವಾಗಿತ್ತು. ಉಬ್ಬುಗಳನ್ನು ತಪ್ಪಿಸಿ ಸ್ವಲ್ಪ ಸುತ್ತು ಹಾಕಿದ್ದೆವು, ಅಲ್ಲಲ್ಲಿ ನೀರು, ನೆರಳು, ಬೆಂಚು ಇಡಿಸಿದ್ದೆವು. ಮಾತು ಕೇಳಿಸದವರಿಗಾಗಿ ಘೋಷಣೆಗಳನ್ನು ದಪ್ಪಕ್ಷರದ ಬೋರ್ಡುಗಳಲ್ಲಿ ಬರೆಸಿದ್ದೆವು. ಮುಂದೆ ನಾಗರತ್ನಳ ಸೈಕಲ್ಲು, ಅವಳ ಪಕ್ಕ ಕಣ್ಣು ಕಾಣದ ಬಸಣ್ಣ, ಕಂಚಿನ ಕಂಠದಲ್ಲಿ "ಹೊಳೆ ಯಾರದ್ದು?" ಎನ್ನುವುದು, ಹಿಂದಿನ ಸಾವಿರ ಬಾಯಿ "ನಮ್ಮದು!" ಎನ್ನುವುದು. ಆಮೆಯ ಗತಿ. ಮೊದಲ ಹತ್ತು ನಿಮಿಷ ನನ್ನ ಕಾಲುಗಳು ಲಗಾಮು ಹಾಕಿದ ಕುದುರೆಗಳಂತೆ ಚಡಪಡಿಸಿದವು. ಆಮೇಲೆ ಹಿಂದಿರುಗಿ ನೋಡಿದೆ. ಸಾಮಾನ್ಯವಾಗಿ ಅರ್ಧ ದಾರಿಯಲ್ಲೇ ಹೋಟೆಲಿಗೆ ನುಸುಳುವ ಮುದುಕರು, ಮಂಡಿನೋವಿನ ಮಹಿಳೆಯರು, ಮಗುವನ್ನೆತ್ತಿಕೊಂಡ ತಾಯಂದಿರು, ಒಬ್ಬರೂ ಕಳಚಿಕೊಂಡಿರಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಇಷ್ಟು ನಿಧಾನವಾದರೆ ನಾವೂ ನಡೆಯಬಹುದಲ್ಲ ಎನ್ನುತ್ತ ಇಳಿದು ಸೇರಿಕೊಳ್ಳುತ್ತಿದ್ದರು. ಶಾರದೆ ನನ್ನ ಪಕ್ಕದಲ್ಲೇ ಇದ್ದಳು, ಬಸ್ ಸ್ಟ್ಯಾಂಡಿನಿಂದಲೂ.

ಕಚೇರಿ ಮುಟ್ಟಿದಾಗ ಹನ್ನೆರಡೂ ಇಪ್ಪತ್ತು. ಮಂಜಪ್ಪನವರ ಮುಖ ಹಸಿ ಅಡಿಕೆ ತಿಂದವರಂತಾಗಿತ್ತು. ಆದರೆ ಸಾಹೇಬರು ಹೊರಟಿರಲಿಲ್ಲ. ಹೊರಡುವುದು ಹೇಗೆ? ರಸ್ತೆ ಪೂರ್ತಿ ಜನ, ಕಾರು ಗೇಟಿನೊಳಗೇ ಬಂದಿ! ಮೆಟ್ಟಿಲ ಮೇಲೆ ನಿಂತಿದ್ದ ಅವರು ಮೇಲೆ ಬನ್ನಿ ಎಂದು ಕೈಬೀಸಿದರು. ನಾಗರತ್ನ ಅಲುಗಲಿಲ್ಲ. ಪಕ್ಕದಲ್ಲೇ ಗಾಲಿಯವರಿಗೆಂದು ಕಟ್ಟಿದ ಇಳಿಜಾರು ಇತ್ತು, ಅದರ ತುಂಬ ಹೂಕುಂಡಗಳನ್ನು ಜೋಡಿಸಿದ್ದರು.

"ಗಿಡ ಹತ್ತಿದಾವಲ್ಲ ಸಾರ್, ಅವು ಇಳಿದ್ಮೇಲೆ ನಾನು ಹತ್ತುತ್ತೀನಿ" ಎಂದಳು.

ಸಾಹೇಬರು ಒಂದು ಕ್ಷಣ ಪೆಚ್ಚಾದರು, ಮರುಕ್ಷಣ ತಾವೇ ಇಳಿದುಬಂದು ಒಂದು ಕುಂಡವನ್ನೆತ್ತಿ ನನ್ನ ಕೈಗಿತ್ತರು. ನಾನು ಹಿಂದಿನವರಿಗೆ ಕೊಟ್ಟೆ, ಅವರು ಅವರ ಹಿಂದಿನವರಿಗೆ. ಕೈಯಿಂದ ಕೈಗೆ ಕುಂಡಗಳು ಜನಸಾಗರದಲ್ಲಿ ತೇಲಿ ಹೋದವು. ಕೊನೆಯ ಸಾಲಿನವರು, ಮೆರವಣಿಗೆಗೆ ಬಂದವರಿಗೆಲ್ಲ ಗಿಡ ಹಂಚುತ್ತಿದ್ದಾರೆಂದು ತಿಳಿದು ಸಂತೋಷದಿಂದ ಮನೆಗೆ ಒಯ್ದರು! ಇತ್ತ ಇಳಿಜಾರು ತೆರವಾಯಿತು. ಬಸಣ್ಣನ ಘೋಷಣೆಯೂ ನಿಂತಿತು. ಸೈಕಲ್ಲಿನ ಹಿಡಿಯ ಕಿರುಗುಟ್ಟುವ ಸದ್ದೊಂದೇ ಕೇಳುತ್ತಿರಲು ನಾಗರತ್ನ ಯಾರ ಕೈಯೂ ತಾಗದಂತೆ ಮೇಲಕ್ಕೆ ಹೋಗಿ, ಮನವಿ ಕೊಟ್ಟಳು. ಚರಂಡಿ ಹೊಳೆ ಸೇರುವ ಜಾಗವನ್ನು ಹದಿನೈದು ದಿನದೊಳಗೆ ಖುದ್ದಾಗಿ ಬಂದು ನೋಡುತ್ತೇನೆಂದು ಸಾಹೇಬರು ಎಲ್ಲರೆದುರು ಮಾತು ಕೊಟ್ಟರು.

ಕುಂಡಗಳನ್ನು ಮರಳಿ ಸಂಗ್ರಹಿಸುವ ಉಸ್ತುವಾರಿಯೂ ನನಗೇ ಬಿತ್ತೆಂದು ಬೇರೆ ಹೇಳಬೇಕೆ? ಮೂರು ದಿನ ಅಲೆದು ಮುಕ್ಕಾಲು ಪಾಲು ತಂದೆ. ಒಂದು ಕ್ರೋಟನ್ ಗಿಡ ಭದ್ರಾವತಿಯ ಬಸ್ಸು ಹತ್ತಿತ್ತೆಂದು ತಿಳಿದು, ಹುಡುಕಿಕೊಂಡು ಓಲ್ಡ್ ಟೌನಿಗೆ ಹೋದರೆ ಅದು ನಾಗರತ್ನಳ ಅಂಗಡಿಯ ಮುಂದೆಯೇ ಠೀವಿಯಿಂದ ಕೂತಿತ್ತು.

"ಯಾರೋ ತಂದಿಟ್ಟು ಹೋದ್ರು ಸಾರ್" ಎಂದು ನಕ್ಕಳು. ನಂತರ ಕುತ್ತಿಗೆಯಲ್ಲಿದ್ದ ಅಳತೆಯ ಟೇಪು ತೆಗೆದಳು. "ಸಾಹೇಬ್ರು ಹೊಳೆ ನೋಡಕ್ಕೆ ಬರ್ತಾರಲ್ಲ, ನಾವೂ ಹೋಗ್ಬೇಕಲ್ವಾ? ದಂಡೆಗೆ ಇಳಿಯೋ ದಾರಿ ಹೆಂಗಿದೆ, ನೋಡಣ ಬನ್ನಿ."

ನಾನು ಕುಂಡವನ್ನು ಇದ್ದಲ್ಲಿಯೇ ಬಿಟ್ಟು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೆ.