ಮೊಮ್ಮಗಳಿಗಾಗಿ ಕಟ್ಟಿಕೊಂಡ ವಾಚು

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮೊಮ್ಮಗಳು ಹುಟ್ಟಿದ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಅವಳು ನಕ್ಕರೆ ನನ್ನೆದೆಯಲ್ಲಿ ಹಾಲು ಉಕ್ಕಿದಂತಾಗುತ್ತದೆ. ಬರೆಯುತ್ತಿರುವ ಈಗಲೂ ಉಕ್ಕುತ್ತಿದೆ.

ನಮ್ಮದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವ ಮನೆ. ಮಗುವಿಗೆ ಏಳು ತಿಂಗಳಾಗಿದ್ದಾಗ ಒಂದು ಶನಿವಾರ ಉಪವಾಸವಿದ್ದೆ. ಹುಳುಗಳಿಗೆ ಸೊಪ್ಪು ಹಾಕಿ ಬಂದು ಮಗುವನ್ನು ಎತ್ತಿಕೊಂಡವಳಿಗೆ ಕಣ್ಣು ಕತ್ತಲೆ ಬಂತು. ಬಿದ್ದೆ. ಮಗು ಸೊಪ್ಪಿನ ರಾಶಿಯ ಮೇಲೆ ಬಿತ್ತು, ಒಂದು ಗೀರೂ ಆಗಲಿಲ್ಲ. ನನ್ನ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಸೊಸೆ ನನ್ನನ್ನು ದಾಟಿಕೊಂಡು ಹೋಗಿ ಮಗುವನ್ನು ಎತ್ತಿಕೊಂಡಳು.

"ನೀವು ಬಿದ್ರೆ ಕಟ್ಟು ಹಾಕಿಸ್ಬೋದು ಅತ್ತೆ. ಇವಳು ಬಿದ್ರೆ? ಇನ್ಮೇಲೆ ಮುಟ್ಬೇಡಿ."

ಚಿಕ್ಕಬಳ್ಳಾಪುರದ ಡಾಕ್ಟರು ಪರೀಕ್ಷೆ ಮಾಡಿ, "ಊಟ ಬಿಡ್ಬೇಡಿ ಅಜ್ಜಿ, ಇನ್ನೇನೂ ಇಲ್ಲ" ಅಂದರು. ಸೊಸೆ ನಂಬಲಿಲ್ಲ. ಮಗು ನನ್ನ ಕಡೆ ಕೈ ಚಾಚಿದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಹನ್ನೊಂದು ದಿನ ಹಾಗೇ ಕಳೆಯಿತು.

ಕೊನೆಗೆ ಮಗ ಚಿಂತಾಮಣಿಯಿಂದ ಒಂದು ವಾಚು ತಂದ. ಎದೆ ಬಡಿತ ಎಣಿಸುತ್ತದಂತೆ, ಲೆಕ್ಕ ಸೊಸೆಯ ಫೋನಿಗೆ ಹೋಗುತ್ತದಂತೆ, ನೂರು ದಾಟಿದರೆ ಕೂಗುತ್ತದಂತೆ. ಕೂಗದಿದ್ದರೆ ದಿನಕ್ಕೆ ಅರ್ಧ ಗಂಟೆ ಮಗು ನನ್ನದು. ಜನ ಇದನ್ನು ಆಯಸ್ಸಿನ ಆಸೆಗೆ ಕಟ್ಟಿಕೊಳ್ಳುತ್ತಾರಂತೆ. ನನ್ನ ಆಯಸ್ಸು ಯಾರಿಗೆ ಬೇಕಿತ್ತು? ಕೈ ನೀಡಿದೆ.

ಓರಗಿತ್ತಿ ಬಾಗಿಲಲ್ಲೇ ನಿಂತು ನಕ್ಕಳು. "ಏನಕ್ಕಾ, ಕದ್ದು ಮೇಯೋ ಹಸೂಗೆ ಗಂಟೆ ಕಟ್ಟಿದಂಗಾಯ್ತಲ್ಲ!"

"ನಿಂಗೆ ಕಟ್ಟೋಕೂ ಯಾರೂ ಇಲ್ವಲ್ಲೇ" ಅಂದುಬಿಟ್ಟೆ. ಅವಳಿಗೆ ಮಕ್ಕಳಿಲ್ಲ. ಗೊತ್ತಿದ್ದೇ ಅಂದೆ.

ಸಂಜೆ ಸೊಸೆ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಮಗು ನನ್ನ ಮೂಗು ಹಿಡಿದು ಕಿಲಕಿಲ ಎಂದಿತು. ವಾಚು ಕೂಗಿತು. ಸೊಸೆ ಮಗುವನ್ನು ಕಿತ್ತುಕೊಂಡು ಫೋನು ನೋಡಿದಳು.

"ನೋಡಿ, ಮಗೂನ ನಾನು ಎತ್ಕೊಂಡ ತಕ್ಷಣ ಇಳೀತು. ನಾನು ಹೇಳ್ಲಿಲ್ವಾ?"

"ಖುಷಿಗೆ ಕಣಮ್ಮಾ ಅದು."

"ಖುಷಿಗೋ ಕಾಯಿಲೆಗೋ, ನಂಬರ್ ಏರಿತೋ ಇಲ್ವೋ?"

ಮೂರು ದಿನ ಹೀಗೇ ಆಯಿತು.

ನಾಲ್ಕನೆಯ ದಿನ ಹುಳುಗಳು ಹಣ್ಣಾದವು. ಗೂಡು ಕಟ್ಟಲು ತಯಾರಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಬೆರಳು ಅವಸರಪಟ್ಟರೆ ಹುಳು ನಜ್ಜುಗುಜ್ಜಾಗುತ್ತದೆ. ನಲವತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ, ಮನಸ್ಸು ಎಲ್ಲಿಗೂ ಹೋಗುವುದಿಲ್ಲ. ನಡುವೆ ವಾಚು ನೋಡಿದೆ. ಎಪ್ಪತ್ತೊಂದು! ಅಷ್ಟು ಕೆಳಗೆ ಅದು ಎಂದೂ ಇಳಿದಿರಲಿಲ್ಲ.

ಅಂದು ಸಂಜೆ ಮಗು ತೊಡೆಗೆ ಬಂದಾಗ ಅದರ ಮುಖ ನೋಡಲಿಲ್ಲ. ಗೋಡೆ ನೋಡಿದೆ. ಅದರ ಕಾಲ್ಬೆರಳನ್ನು ಒಂದೊಂದಾಗಿ, ಹುಳು ಎತ್ತುವಂತೆ, ಮೆಲ್ಲಗೆ ಎತ್ತಿ ಬಿಟ್ಟೆ. ಮಗು ನನ್ನ ಗಲ್ಲ ಹಿಡಿದು ಎಳೆಯಿತು. ತಿರುಗಲಿಲ್ಲ. "ಅಜ್ಜಿಜ್ಜಿ" ಎಂದೇನೋ ತೊದಲಿತು. ಓಗೊಡಲಿಲ್ಲ. ಕರೆದು ಕರೆದು ಸಾಕಾಗಿ ಅಳತೊಡಗಿತು. ಆಗಲೂ ಬೆರಳನ್ನೇ ಎಣಿಸಿದೆ.

"ಇದೇನಕ್ಕಾ, ಮೊಮ್ಮಗಳಾ ಕಲ್ಲಾ?" ಎಂದಳು ಓರಗಿತ್ತಿ.

ಅರ್ಧ ಗಂಟೆ ಆಯಿತು. ಸೊಸೆ ಫೋನಿನಿಂದ ತಲೆಯೆತ್ತಿ, ಅಳುವ ಮಗುವನ್ನು ತೆಗೆದುಕೊಂಡಳು. "ಎಂಬತ್ತು ದಾಟಿಲ್ಲ. ಸರಿ, ನಾಳೇನೂ ಕೊಡ್ತೀನಿ."

ನಾಳೆಯೂ! ಹಿತ್ತಲಿಗೆ ಓಡಿದೆ. ಒಗೆಯುವ ಕಲ್ಲಿನ ಮೇಲೆ ಕುಳಿತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ, ಅತ್ತೆ. ವಾಚು ಕೂಗಿತು, ಮತ್ತೆ ಮತ್ತೆ ಕೂಗಿತು.

ಒಳಗಿನಿಂದ ಸೊಸೆ ಕೇಳಿದಳು: "ಮಗು ಹತ್ರ ಇಲ್ಲ ತಾನೇ?"

"ಇಲ್ಲ ಕಣಮ್ಮಾ."

"ಹಂಗಾದ್ರೆ ಕೂಗ್ಲಿ ಬಿಡಿ."